ಅತ್ತೆ ಹಿಡಿದ ನಾಡಿ

ನಿಟ್ಟುವಳ್ಳಿಯಲ್ಲಿ ಯಾರೊಬ್ಬರಿಗೂ ಆರೋಗ್ಯ ಸರಿಯಿಲ್ಲ. ಇದು ನನ್ನ ಮಾತಲ್ಲ ಸ್ವಾಮಿ, ಅಲ್ಲಿ ಒಬ್ಬರೇ ಇರುವ ನಮ್ಮ ಸೋದರತ್ತೆಯ ತೀರ್ಮಾನ! ಎದುರಿಗೆ ಸಿಕ್ಕವರ ಮಣಿಕಟ್ಟಿಗೆ ಹೆಬ್ಬೆಟ್ಟು ಒತ್ತಿ, ಕಣ್ಣು ಮುಚ್ಚಿ, "ಬಡಿತ ಏರುಪೇರೈತೆ. ಡಾಕ್ಟ್ರ ಹತ್ರ ಹೋಗ್ರಿ" ಎಂದುಬಿಡುತ್ತಾರೆ.

ಹರಿಹರದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಕೈ ಚಾಚಿದ. ಅತ್ತೆ ಟಿಕೆಟ್ ಬಿಟ್ಟು ಕೈಯನ್ನೇ ಹಿಡಿದರು! "ಅಮ್ಮಾ, ನಿಮಗೆ ಟಿಕೆಟ್ ಫ್ರೀ ಐತೆ, ನನ್ನ ಕೈ ಫ್ರೀ ಇಲ್ಲ. ಬಿಡ್ರಿ!" ಅಂದ ಅವನು.

ಮದುವೆ ಮನೆಯಲ್ಲಂತೂ ಬಳೆ ತೊಡಲು ಕೂತ ಮದುಮಗಳ ಕೈ ಬಳೆಗಾರನಿಗಿಂತ ಮೊದಲು ಅತ್ತೆಗೆ ಸಿಕ್ಕಿತು. "ಏರುಪೇರೈತೆ" ಅಂದರು ನೋಡಿ, ಬೀಗರ ಮುಖ ಸಣ್ಣಗಾಯಿತು. "ಹುಡುಗಿಗೆ ಏನೋ ಐತಂತಲ್ರಿ?" ಅರಿಶಿನ ಮೆತ್ತಿದ ಮೈಯಲ್ಲೇ ಆ ಹುಡುಗಿಗೆ ಇಸಿಜಿ ಮಾಡಿಸಿದರು. ಏನೂ ಇರಲಿಲ್ಲ! ಅಲ್ಲಿಂದ ಅತ್ತೆಗೆ ಲಗ್ನಪತ್ರಿಕೆ ಬರುವುದು ನಿಂತಿತು. ಓಣಿಯಲ್ಲಿ ಅವರನ್ನು ಕಂಡರೆ ಜನ ಕೈ ಜೇಬಿಗೆ ಇಳಿಸತೊಡಗಿದರು. ಸಂಜೆ ಮಂಡಕ್ಕಿ ಕಲಸಿ ಬಾಗಿಲಲ್ಲಿ ಕೂತರೆ ಪಕ್ಕದ ಮನೆಯವರೂ ಬರುತ್ತಿರಲಿಲ್ಲ.

ಈ ಹುಚ್ಚು ಹಿಡಿದದ್ದು ಯಾಕೆ ಅಂತೀರಾ? ಅತ್ತೆಯ ಗಂಡ, ನಮ್ಮ ಮಾವ, ಲಕ್ವ ಹೊಡೆದು ತೀರಿಹೋದರು. ಎದೆಬಡಿತ ತಾಳ ತಪ್ಪಿ, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿತ್ತು. "ಮೊದಲೇ ಯಾರಾದ್ರೂ ನಾಡಿ ನೋಡಿದ್ರೆ ಮಾತ್ರೆ ಕೊಡಬಹುದಿತ್ತು" ಅಂದಿದ್ದರು ಡಾಕ್ಟರು. ಆ ಮಾತು ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತು.

ಅತ್ತೆ ಕಳಿಸಿದವರ ಇಸಿಜಿಗಳೆಲ್ಲ ನೆಟ್ಟಗೇ ಬಂದು, ಆ ಬಡಾವಣೆಯ ಡಾಕ್ಟರಮ್ಮನಿಗೆ ಸಾಕಾಗಿಹೋಯಿತು. "ಅವರನ್ನೇ ಕರ್ಕೊಂಡು ಬರ್ರಿ" ಅಂದರು. ಕರೆದುಕೊಂಡು ಹೋದೆ.

"ಹೆಂಗೆ ನೋಡ್ತೀರಿ, ತೋರಿಸ್ರಿ ಅಮ್ಮ."

ಅತ್ತೆ ಡಾಕ್ಟರಮ್ಮನ ಕೈಗೇ ಹೆಬ್ಬೆಟ್ಟು ಒತ್ತಿದರು. "ಅಯ್ಯೋ, ನಿಮಗೂ ಐತಲ್ಲವ್ವ!"

ಡಾಕ್ಟರಮ್ಮ ನಕ್ಕರು. "ಹೆಬ್ಬೆಟ್ಟಿನಾಗೆ ನೋಡಬಾರದು. ಅದರೊಳಗೆ ನಮ್ಮದೇ ನಾಡಿ ಬಡೀತಿರ್ತೈತೆ..." ಎನ್ನುತ್ತಲೇ ಅವರ ನಗು ನಿಂತಿತು. ಅತ್ತೆಯ ಕೈ ತಿರುಗಿಸಿ ಮೂರು ಬೆರಳಿಟ್ಟರು. ಕೂಡಲೇ ಇಸಿಜಿ ಮಾಡಿಸಿದರು.

"ಇಷ್ಟು ದಿನ ನೀವು ಊರವರ ಕೈಯಾಗೆ ಹಿಡಿದಿದ್ದು ನಿಮ್ಮದೇ ಏರುಪೇರು ಬಡಿತ. ಪುಣ್ಯಕ್ಕೆ ಲಕ್ವ ಹೊಡಿಯೋಕೆ ಮೊದಲೇ ಸಿಕ್ಕೈತೆ. ಇವತ್ತಿಂದಲೇ ಮಾತ್ರೆ ತಗೊಳ್ರಿ."

ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅತ್ತೆ ಕೇಳಿದ್ದು ಇಷ್ಟೇ: "ಅಂದ್ರ, ಉಳಿದೋರಿಗೆಲ್ಲ ಏನೂ ಇಲ್ಲಲ್ಲ?"

"ಏನೂ ಇಲ್ಲಮ್ಮ."

ಡಾಕ್ಟರಮ್ಮ ಇನ್ನೊಮ್ಮೆ ನಾಡಿ ನೋಡಿ ಬೆರಳು ತೆಗೆದರು. ಅತ್ತೆ ಮಾತ್ರ ಚಾಚಿದ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಇನ್ನೊಂಚೂರು ಹಿಡ್ಕೊಳ್ರಿ ಅವ್ವ. ಅವ್ರು ಹೋದ ಮ್ಯಾಲೆ ನನ್ನ ಕೈ ಯಾರೂ ಹಿಡಿದಿರಲಿಲ್ಲ."

ಹೊರಗೆ ರೋಗಿಗಳು ಕಾಯುತ್ತಿದ್ದರು. ಆ ಕೈಯನ್ನು ನಾನು ಹಿಡಿದುಕೊಂಡೆ.