ಶಿವರಂಜನಿ ಹೆಸರಿನ ಸ್ಕಾಲರ್‌ಶಿಪ್

ಮಸ್ಕಿಯ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನವರಿಗೆ ಘನವಾದ ಯೋಚನೆಗಳು ಹೊಳೆಯುವುದು ಸ್ನಾನದ ಹೊತ್ತಿನಲ್ಲಿ. ಅವುಗಳನ್ನು ಹೆಂಡತಿ ಶೇಖರಮ್ಮ ಹೊಡೆದುರುಳಿಸುವುದು ಊಟದ ಹೊತ್ತಿನಲ್ಲಿ. ನಡುವಿನ ಅರ್ಧ ಗಂಟೆ ಮಾತ್ರ ಅವರು ಭೂಮಂಡಲದ ಸಾರ್ವಭೌಮರು.

ಆ ದಿನ ಬಂದ ಯೋಚನೆ ಮಾತ್ರ ಬೇರೆ ಥರದ್ದು. ಅವರ ಒಬ್ಬಳೇ ಮಗಳು ಶಿವರಂಜನಿ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಬಿ.ಕಾಂ. ಓದುತ್ತಿದ್ದ ಹುಡುಗಿ. ಆ ಕಾಲೇಜಿನ ಯಾರಾದರೊಬ್ಬ ಬಡ ಹುಡುಗಿಗೆ ಅವಳ ಹೆಸರಿನಲ್ಲಿ ಪ್ರತಿವರ್ಷ ಫೀಸು, ಪುಸ್ತಕ, ಬಸ್ ಪಾಸು ಕೊಡಿಸಬೇಕು ಎಂದು ಅಮರಗುಂಡಪ್ಪ ನಿಶ್ಚಯಿಸಿದರು.

"ದಿವಂಗತ ಕುಮಾರಿ ಶಿವರಂಜನಿ ಸ್ಮಾರಕ ವಾರ್ಷಿಕ ಪ್ರತಿಭಾ ಪುರಸ್ಕಾರ!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. (ಮೈಮೇಲೆ ಇದ್ದದ್ದು ಟವೆಲ್ ಒಂದೇ. ದನಿಯಲ್ಲಿ ಮಾತ್ರ ಕೋಟು, ಪೇಟ ಎಲ್ಲ ಇದ್ದವು.)

ಶೇಖರಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು.

"ನಡುವ ಪ್ರತಿಭಾ ಅಂತ ಯಾಕ್ರಿ? ನಮ್ಮ ಹುಡುಗಿ ಅಕೌಂಟ್ಸ್‌ನ್ಯಾಗ ಫೇಲಾಗಿದ್ಲು."

"ಏ, ಅದನ್ನ ಈಗ ಯಾಕ ತೆಗಿತಿ? ಮಂದಿ ಹೆಂಗ ಕೊಡ್ತಾರ ಹಂಗ ಕೊಡಾದು. ತೊಂಬತ್ತು ಪರ್ಸೆಂಟ್ ತಗೊಂಡಾಕಿಗೆ ಕೊಟ್ರ ಪೇಪರ್‌ನ್ಯಾಗ ಫೋಟೊ ಬರ್ತೈತಿ."

"ಯಾರ ಫೋಟೊ? ಆಕಿದೋ, ನಿಮ್ಮದೋ?"

ಅಮರಗುಂಡಪ್ಪ ಅಂಗಿ ಹುಡುಕಲು ಹೋದರು. ಮಗಳು ಫೇಲಾದ ದಿನ "ವ್ಯಾಪಾರಸ್ಥನ ಮಗಳು ಲೆಕ್ಕದಾಗ ಫೇಲ್! ಅಂಗಡಿ ಬಾಗಲಾ ಹಾಕ್ಕೊಂಡು ಕೂಡ್ತೀನಿ ತಗೊ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದರು. "ಹಬ್ಬ ಆದಮ್ಯಾಗ ಹಾಕಪ್ಪಾ, ನನಗೊಂದು ಸೀರಿ ಬೇಕು" ಎಂದಿದ್ದಳು ಹುಡುಗಿ. ಅದಕ್ಕೆ ಇನ್ನೂ ರೇಗಿ ಮೂರು ದಿನ ಮಾತು ಬಿಟ್ಟಿದ್ದರು.

ಅಮರಗುಂಡಪ್ಪ ಕೇಳಿಕೊಂಡಿದ್ದರಿಂದ ಪ್ರಿನ್ಸಿಪಾಲರು ಕಾಲೇಜಿಗೇ ಮೊದಲಿಗಳಾದ ಭುವನೇಶ್ವರಿ ಎಂಬ ಹುಡುಗಿಯನ್ನು ಭಾನುವಾರ ಕಳಿಸಿಕೊಟ್ಟರು. ಬಸ್ಸಿಗೆ ಜೊತೆಯಾಗಲೆಂದು ಬಳಗಾನೂರಿನ ಗೆಳತಿ ಅನುಪಮಾ ಬಂದಿದ್ದಳು. ಅಮರಗುಂಡಪ್ಪ ಇಸ್ತ್ರಿ ಅಂಗಿ ತೊಟ್ಟು, ಪಡಸಾಲೆಯ ದೊಡ್ಡ ಖುರ್ಚಿಯಲ್ಲಿ ಹೈಕೋರ್ಟ್ ನ್ಯಾಯಾಧೀಶರಂತೆ ವಿರಾಜಮಾನರಾದರು. ಅನುಪಮಾಳನ್ನು ಶೇಖರಮ್ಮ ಒಳಗೆ ಕರೆದು ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು.

"ಖರೇ ಹೇಳ್ತೀನ್ರಿ ಸಾವ್ಕಾರ್ರ," ಎಂದಳು ಭುವನೇಶ್ವರಿ. "ನನಗ ಆಗಲೇ ಎರಡು ಸ್ಕಾಲರ್‌ಶಿಪ್ ಬರ್ತಾವ. ಮಾರ್ಕ್ಸ್ ಛಲೋ ಇದ್ರ ಎಲ್ಲಾರೂ ಕರದು ಕೊಡ್ತಾರ. ಅನುಪಮಾಗ ಇದ್ದದ್ದು ಒಂದೇ. ಅಕೌಂಟ್ಸ್ ಹೋತು, ಅದೂ ನಿಂತು ಹೋತು. ಅವರವ್ವ ಬಸ್ಸಮ್ಮ ನೆಲ್ಲು ನಾಟಿ ಮಾಡಾಕ ಹೋಗ್ತಾಳ. ಲಿಂಗಸುಗೂರಿನ ಅಂಗಡ್ಯಾಗ ಇಕಿಗೆ ಕೆಲಸಕ್ಕ ಹೇಳಿಟ್ಟಾಳ. ಮುಂದಿನ ತಿಂಗಳ ಕಾಲೇಜ್ ಬಿಡ್ತಾಳ್ರಿ."

ಹುಡುಗಿಯರು ಹೋದ ಮೇಲೆ ಯುದ್ಧ ಶುರುವಾಯಿತು.

"ಅನುಪಮಾಗ ಕೊಡ್ರಿ" ಎಂದರು ಶೇಖರಮ್ಮ.

"ಫೇಲಾದಾಕಿಗೆ ಪುರಸ್ಕಾರ? ತಲಿ ನೆಟ್ಟಗೈತೇನು ನಿಂದು? ಮಂದಿ ನಗ್ತಾರ!"

"ನಗಲಿ. ನಮ್ಮ ಹುಡುಗಿ ಬಂದು ಕೇಳಿದ್ರ, ಆಕಿಗೂ ಕೊಡ್ತಿದ್ದಿಲ್ಲೇನ್ರಿ ನೀವು?"

ಅಮರಗುಂಡಪ್ಪ ಉಟ್ಟ ಧೋತರದ ಅಂಚನ್ನು ಕೊಡವಿ ಖುರ್ಚಿಯಿಂದ ಎದ್ದರು. ಬಾಗಿಲ ತನಕ ಹೋಗಿ ತಿರುಗಿ ಬಂದು, "ಆತು. ಆದ್ರ ನಂದೊಂದು ಷರತ್ತು. ಹುಡುಗಿ ಐತವಾರ ಐತವಾರ ಇಲ್ಲಿಗೆ ಬರಬೇಕು. ಅಕೌಂಟ್ಸ್ ನಾನ ಕಲಸ್ತೀನಿ" ಎಂದರು. ಸೋತ ಸೇನಾಪತಿಗೂ ಸ್ವಲ್ಪ ಮರ್ಯಾದೆ ಬೇಕಲ್ಲ!

ಮುಂದಿನ ಭಾನುವಾರ ಪಾಠ ಆರಂಭವಾಯಿತು.

"ಭಾಳ ಸರಳೈತಿ. ಬಂದ ರೊಕ್ಕ ಜಮಾ. ಹೋದ ರೊಕ್ಕ ಖರ್ಚು. ಮುಗೀತು."

"ಬುಕ್ಕಿನ್ಯಾಗ ಬಂದ ರೊಕ್ಕ ಡೆಬಿಟ್ ಅಂತ ಐತ್ರಿ ಸಾವ್ಕಾರ್ರ."

"ಬಂದದ್ದು ಡೆಬಿಟ್ಟಾ? ಯಾವ ಹುಚ್ಚ ಬರದಾನಲೇ ಇದನ್ನ?"

"ಸಾವ್ಕಾರ್ರು ಅಂಗಡ್ಯಾಗ. ಮನ್ಯಾಗ ಕಾಕಾ ಅನ್ನವಾ" ಎಂದು ಒಳಗಿನಿಂದ ಶೇಖರಮ್ಮನ ತಿದ್ದುಪಡಿ ಬಂತು.

ಮೂವತ್ತು ವರ್ಷ ವ್ಯಾಪಾರ ಮಾಡಿದ ಕಾಕಾ ಪುಸ್ತಕದ ಒಂದು ಲೆಕ್ಕ ಹಿಡಿದು ಕೂತರು. ಎಡಗಡೆಯ ಮೊತ್ತ ಬಲಗಡೆಗೆ ಹೊಂದಲಿಲ್ಲ. ಅಳಿಸಿ ಮತ್ತೆ ಮಾಡಿದರು. ಇನ್ನೂ ದೂರ ಹೋಯಿತು. ಚಹಾ ಆರಿತು. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂತು.

"ಕಾಕಾ, ಬ್ಯಾಸರ ಮಾಡ್ಕೊಬ್ಯಾಡ್ರಿ," ಎಂದಳು ಅನುಪಮಾ ಮೆಲ್ಲಗೆ. "ಇದು ಯಾರಿಗೂ ಒಂದೇ ಸಲಕ್ಕ ತಿಳಿಯಂಗಿಲ್ಲ. ಮತ್ತೊಮ್ಮೆ ಮಾಡೋಣು ತಗೋರಿ."

ಅಮರಗುಂಡಪ್ಪ ತಲೆಯೆತ್ತಿ ಅವಳನ್ನೇ ನೋಡಿದರು. ಎಷ್ಟು ಸಣ್ಣ ಮಾತು! ಯಾರು ಬೇಕಾದರೂ ಆಡಬಹುದಾದ ಮಾತು.

ಬಾಗಿಲಿಗೆ ಬಂದ ಶೇಖರಮ್ಮ, "ನಿಮ್ಮ ಕಾಕಾಗ ಎಷ್ಟು ಮಾರ್ಕ್ಸ್ ಹಾಕ್ತಿಯವಾ?" ಎಂದು ಕೇಳಿದರು.

"ಇಪ್ಪತ್ತು ಹಾಕಬಹುದ್ರಿ" ಎಂದಳು ಹುಡುಗಿ ಸಂಕೋಚದಿಂದ.

"ಫೇಲ್!" ಎಂದು ಶೇಖರಮ್ಮ ನಕ್ಕರು. ಆ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿ ಬಹಳ ದಿನಗಳಾಗಿದ್ದವು. ಅಮರಗುಂಡಪ್ಪನವರೂ ನಗಲು ಹೋದರು, ಆಗಲಿಲ್ಲ.

"ಅವತ್ತು ಆಕಿ ಉಂಡಿದ್ಲೇನು?" ಎಂದು ಕೇಳಿದರು.

ಮಗಳು ಫೇಲಾದ ದಿನದ ಮಾತೆಂದು ತಿಳಿದ ಶೇಖರಮ್ಮ ಯಾವತ್ತು ಎಂದು ಕೇಳಲಿಲ್ಲ. "ಉಂಡ್ಲು. ಎರಡು ರೊಟ್ಟಿ ಉಂಡ್ಲು" ಎಂದರು. ಅದು ನಿಜವೋ, ತಮ್ಮ ಸಮಾಧಾನಕ್ಕೆ ಹೇಳಿದ್ದೋ ಎಂದು ಅಮರಗುಂಡಪ್ಪನವರೂ ವಿಚಾರಿಸಲಿಲ್ಲ.

ಅನುಪಮಾ ಆ ಸಲ ಪಾಸಾದಳು. ಲಿಂಗಸುಗೂರಿನ ಅಂಗಡಿಗೆ ಹೋಗಲಿಲ್ಲ. ಸುದ್ದಿ ಬಸ್ಸಿನಲ್ಲೆಲ್ಲ ಹಬ್ಬಿ, ಅಕೌಂಟ್ಸ್ ಹೋದ ಹುಡುಗಿಯರು ಒಬ್ಬೊಬ್ಬರೇ ಭಾನುವಾರ ಬಾಗಿಲಿಗೆ ಬರತೊಡಗಿದರು. ಗುರುಗಳ ವಿದ್ಯೆ ಎಲ್ಲರಿಗೂ ಗೊತ್ತಾಗಿದ್ದರಿಂದ, ಶೇಖರಮ್ಮ ಪಾಠ ಹೇಳಲು ಭುವನೇಶ್ವರಿಯನ್ನೇ ಕರೆಸಿದರು. ದೊಡ್ಡ ಖುರ್ಚಿ ಅವಳ ಪಾಲಾಯಿತು. ಅಮರಗುಂಡಪ್ಪನವರಿಗೆ ಜಮಖಾನದ ಕೊನೆಯಲ್ಲಿ ಜಾಗ ಸಿಕ್ಕಿತು.

"ಕಾಕಾ, ಹಿಂದ ಮಾತಾಡಬ್ಯಾಡ್ರಿ" ಎಂದು ಭುವನೇಶ್ವರಿ ಗದರಿದಾಗ ಬಾಯಿ ಮುಚ್ಚಿಕೊಂಡು ಲೆಕ್ಕ ಮಾಡಿದರು. ಅವಳು ಇಟ್ಟ ಪರೀಕ್ಷೆಯಲ್ಲಿ ಅವರಿಗೆ ಮೂವತ್ತೆರಡು ಬಂತು. ಪಾಸಾಗಲು ಇನ್ನೂ ಮೂರು ಬೇಕಿತ್ತು. ಯಾರೂ ಬೈಯಲಿಲ್ಲ.