ನನ್ನ ಲ್ಯಾಪ್‌ಟಾಪಿಗೊಂದು ಲೇಸಿನ ಅಂಚು

"ಲ್ಯಾಪ್‌ಟಾಪನ್ನು ನಾನೇ ಬಿಚ್ಚುತ್ತೇನೆ, ನಾನೇ ಮೆಮೊರಿ ಹಾಕುತ್ತೇನೆ, ನಾನೇ ಮುಚ್ಚುತ್ತೇನೆ! ಯಾರೂ ಕೈ ಹಾಕಕೂಡದು!"

ಊಟದ ಮೇಜಿನ ಮುಂದೆ ನಿಂತು ನಾನು ಹೀಗೆ ಘೋಷಣೆ ಮಾಡಿದಾಗ ನನ್ನ ಸೊಸೆ ಬಾಯಲ್ಲಿದ್ದ ತುತ್ತು ನುಂಗುವುದನ್ನೇ ಮರೆತಳು.

"ಅತ್ತೆ, ಅದು ಹೊಲಿಗೆ ಮಿಷನ್ ಅಲ್ಲ."

"ಅದಕ್ಕೂ ಸ್ಕ್ರೂ ಇದೆ, ಇದಕ್ಕೂ ಸ್ಕ್ರೂ ಇದೆ. ಸ್ಕ್ರೂ ಇರೋದೇ ಬಿಚ್ಚೋಕೆ!"

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಆದರೆ ಹೆಣಿಗೆ ಕಡ್ಡಿ ಕೈಗೆ ಬಂತೆಂದರೆ ನಾನು ಯಾವ ಪಂಡಿತರಿಗೂ ಸೊಪ್ಪು ಹಾಕುವವಳಲ್ಲ. ಸೊಸೆ ಹಾಕಿಕೊಂಡು ಹೋದ ಸ್ವೆಟರ್ ನೋಡಿ ಅವಳ ಆಫೀಸಿನ ಹುಡುಗಿಯರು ಗಂಟುಬಿದ್ದರು, ನಮಗೂ ಕಲಿಸಿ ಅಂತ. ಹಾಗೆ ಶುರುವಾಯಿತು ನನ್ನ ಭಾನುವಾರದ ವಿಡಿಯೋ ಕ್ಲಾಸು. ಮೊದಲ ದಿನ ಒಬ್ಬಳು "ಟೀಚರ್" ಅಂದಳು. ನಾನು ಹಿಂದೆ ತಿರುಗಿ ನೋಡಿದೆ, ಯಾರಪ್ಪಾ ಬಂದು ನಿಂತವರು ಅಂತ! ನನ್ನನ್ನೇ ಕರೆದದ್ದು ಅಂತ ತಿಳಿದ ಮೇಲೆ ರಾತ್ರಿ ಊಟವೇ ಸೇರಲಿಲ್ಲ, ಹೊಟ್ಟೆ ಅಷ್ಟು ತುಂಬಿಹೋಗಿತ್ತು.

ಲ್ಯಾಪ್‌ಟಾಪು ಸೊಸೆಯದು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಆಫೀಸಿನವರು ಅವಳಿಗೆ ಬೇರೆ ಕೊಟ್ಟ ಮೇಲೆ ಇದು ನನ್ನ ಪಾಲಿಗೆ ಬಂತು. ಅಗ್ಗದ್ದಾದರೇನು, ಲಕ್ಷಣವಾಗಿತ್ತು. ಪರದೆಯ ಮೇಲ್ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳ ಸಾಲು, ಥೇಟ್ ಕ್ರೋಶಾ ಲೇಸಿನ ಅಂಚು! ಮೊದಮೊದಲು ಎಡಮೂಲೆಯಲ್ಲಷ್ಟೇ ಇತ್ತು. ದಿನ ಕಳೆದಂತೆ ಆ ತುದಿಯಿಂದ ಈ ತುದಿಗೆ ತುಂಬಿಕೊಂಡಿತು. ಬಳಸಿದಷ್ಟೂ ಕಳೆ ಏರುವ ವಸ್ತು ಅಂತ ನನಗೆ ಹೆಮ್ಮೆಯೋ ಹೆಮ್ಮೆ.

ಹಿಂದಿನ ಬೀದಿಯಲ್ಲಿ ನನ್ನ ನಾದಿನಿಯ ಮನೆ. ನಮ್ಮ ಯಜಮಾನರ ತಂಗಿ. ಅವಳೂ ಹೆಣೆಯುತ್ತಾಳೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಅವಳು ಹೆಣೆದ ಟೋಪಿ ಹಾಕಿಕೊಂಡವರನ್ನು ಕೇಳಿ. ಅವರ ಕಿವಿಗೆ ನಿಮ್ಮ ಮಾತು ತಲುಪಿದರೆ ಹೇಳಿಯಾರು. ಅವಳು ಹೊಸ ಲ್ಯಾಪ್‌ಟಾಪ್ ಕೊಂಡು ತೋರಿಸಲು ಬಂದಾಗ ನಾನು ಒಂದೇ ಮಾತು ಅಂದಿದ್ದೆ: "ಎಲ್ಲಾ ಸರಿ ಕಣೆ, ಆದ್ರೆ ಬೋಳು ಬೋಳು. ನನ್ನದಕ್ಕೆ ನೋಡು, ಲೇಸಿನ ಅಂಚಿದೆ!" ಅವಳು ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದಳು. ಬಗ್ಗಿ ನೋಡಿ ತನ್ನದನ್ನು ಮಡಚಿಕೊಂಡು ಹೊರಟಳು.

ಹೀಗಿರುವಾಗ ಕಾಲ್ಚೀಲದ ಹಿಮ್ಮಡಿ ತಿರುಗಿಸುವ ಪಾಠ ಬಂತು. ಹೆಣಿಗೆಯಲ್ಲಿ ಅದೇ ಕಷ್ಟದ ಜಾಗ. "ಈಗ ಎಲ್ಲರೂ ಇಲ್ಲಿ ನೋಡಿ" ಅಂದೆ. ಅಷ್ಟೇ, ಲ್ಯಾಪ್‌ಟಾಪ್ ನಿಂತುಹೋಯಿತು! ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಕಡ್ಡಿ ಎತ್ತಿ ಹಿಡಿದ ನನ್ನ ಮುಖ ಎಲ್ಲರ ಪರದೆಯಲ್ಲೂ ಹಾಗೇ ಉಳಿಯಿತು, ಯುದ್ಧಕ್ಕೆ ಹೊರಟ ಮಹಾರಾಣಿಗೆ ಸೀನು ಬಂದ ಹಾಗೆ. ಒಬ್ಬ ಹುಡುಗಿಯಂತೂ ನಾನು "ನಿಲ್ಲಿಸಿ" ಅನ್ನುವುದನ್ನೇ ಕಾಯುತ್ತಾ ಹೆಣೆದಳು, ಹೆಣೆದಳು. ಆ ಕಾಲ್ಚೀಲ ಆನೆಯ ಸೊಂಡಿಲಿಗೂ ಸ್ವಲ್ಪ ಉದ್ದವಾದೀತು!

ಸಂಜೆಯೇ ನಾದಿನಿ ಹಾಜರ್. ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅವಳೂ ಕ್ಲಾಸು ನೋಡಿದ್ದಳು.

"ಪಾಪ ಅತ್ತಿಗೆ, ಈ ವಯಸ್ಸಲ್ಲಿ ನಿಮಗ್ಯಾಕೆ ಒದ್ದಾಟ? ಕ್ಲಾಸು ನಾನು ನಡೆಸ್ತೀನಿ ಬಿಡಿ. ಹುಡುಗೀರೂ ಹೂಂ ಅಂದಿದ್ದಾರೆ."

ಕ್ಲಾಸು ಬಿಟ್ಟುಕೊಡುವುದೇ? ಇಷ್ಟು ವರ್ಷಕ್ಕೆ ಸಿಕ್ಕ ಒಂದೇ ಒಂದು ಪದವಿ!

"ಇನ್ನೊಂದು ಭಾನುವಾರ ನೋಡು. ಅವತ್ತೂ ನಿಂತುಹೋದ್ರೆ ಕಡ್ಡಿ ನಿನ್ನ ಕೈಗೇ ಕೊಡ್ತೀನಿ. ಸರಿನಾ?"

"ಕಡ್ಡಿ ನನ್ನ ಹತ್ರಾನೂ ಇದೆ ಅತ್ತಿಗೆ. ಕ್ಲಾಸು ಕೊಡಿ ಸಾಕು."

ಭಾರ ಹೆಚ್ಚಾಗಿರಬೇಕು ಅಂತ ಮೊದಲು ಫೋಟೋಗಳನ್ನು ಅಳಿಸಿದೆ. ಶುರು ಮಾಡಿದ್ದು ನಾದಿನಿಯ ಫೋಟೋಗಳಿಂದ. ಲ್ಯಾಪ್‌ಟಾಪ್ ಹಗುರವಾಗಲಿಲ್ಲ, ನನ್ನ ಮನಸ್ಸು ಹಗುರವಾಯಿತು. ಆಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ನಡೆದೆ.

ರಿಪೇರಿಯವನು ಅದನ್ನು ಬೋರಲು ಹಾಕಿ ಬೆನ್ನಿನ ಚೀಟಿ ಓದಿದ. "ಫೋಟೋ ಅಳಿಸಿ ಏನು ಬಂತು ಅಮ್ಮಾ? ಅದು ಕಪಾಟು. ನಿಮಗೆ ಸಾಲದೆ ಬಂದಿರೋದು ಮೆಮೊರಿ. ಅಡಿಗೆ ಕಟ್ಟೆ ಇದ್ದ ಹಾಗೆ ಅದು. ಒಂದೇ ಸಲಕ್ಕೆ ಎಷ್ಟು ಹರಡಿಕೊಂಡು ಕೆಲಸ ಮಾಡಬಹುದು ಅನ್ನೋದು ಕಟ್ಟೆ ಎಷ್ಟು ದೊಡ್ಡದು ಅನ್ನೋದರ ಮೇಲಿದೆ."

ಆಹಾ! ಇಷ್ಟು ದಿನ ಯಾರಾದರೂ ಹೀಗೆ ಹೇಳಿದ್ದರೆ! ಕಟ್ಟೆಯ ವಿಷಯ ನನಗೆ ಬಂದು ಹೇಳುತ್ತಾನಲ್ಲ! ಕಟ್ಟೆಯ ಮೇಲೆ ಒಂದು ಲೋಟ ತೊಳೆಯದೆ ಬಿಟ್ಟರೂ ಸೊಸೆಯನ್ನು ಹುಡುಕಿಕೊಂಡು ಹೋಗಿ ತೋರಿಸುವವಳು ನಾನು.

"ಹಾಗಾದ್ರೆ ಕಟ್ಟೆ ದೊಡ್ಡದು ಮಾಡಪ್ಪಾ. ಇರೋದರಲ್ಲೆಲ್ಲ ದೊಡ್ಡದು ಹಾಕು."

"ಆಗಲ್ಲಮ್ಮಾ. ಕಡಿಮೆ ಬೆಲೆಯದು ಇದು. ಇದ್ದ ಮೆಮೊರಿನ ಒಳಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಜೊತೆಗೆ ಒಂದು ಮೆಮೊರಿ ಪಟ್ಟಿ ಸಿಗಿಸೋಕೆ ಜಾಗ ಇದೆ, ಅಷ್ಟೇ. ಎಂಟು ಜಿಬಿದು ಸಾಕು. ಅದಕ್ಕಿಂತ ದೊಡ್ಡದು ಹಾಕಿದ್ರೂ ಕೆಲಸ ಮಾಡೋದು ಇದೇ ಸಣ್ಣ ಪ್ರೊಸೆಸರ್ ತಾನೆ? ಕಟ್ಟೆ ಎಷ್ಟೇ ದೊಡ್ಡದಾದ್ರೂ ಅಡಿಗೆಯವನು ಒಬ್ಬನೇ. ಎಲ್ಲಿ, ಒಂದ್ಸಲ ಆನ್ ಮಾಡಿ ನೋಡೋಣ?"

"ನೋಡೋದೇನೂ ಬೇಡ! ಪಟ್ಟಿ ಕೊಡು. ಹಾಕೋದು ನಾನು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಟರಿ ತಂತಿ ಬಿಡಿಸೋದು ಮರೀಬೇಡಿ" ಅಂದ.

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರು ಹೋದ ಮೇಲೆ ನಾನು ಮುಟ್ಟದೆ ಇಟ್ಟಿದ್ದ ಅವರ ತಗಡಿನ ಡಬ್ಬಿ ಹೊರಗೆ ಬಂತು. ಸಣ್ಣ ಸಣ್ಣ ಸ್ಕ್ರೂಡ್ರೈವರುಗಳು, ಹಿಡಿಯಲ್ಲಿ ಅವರ ಹೆಬ್ಬೆರಳಿನ ಸವೆತ. ಕೈಯಲ್ಲಿ ಹಿಡಿದ ಕೂಡಲೇ ಧೈರ್ಯ ಬಂತು. ಬಿಚ್ಚಿದ ಸ್ಕ್ರೂಗಳನ್ನು ಬಂದ ಸಾಲಿನಲ್ಲೇ ಹಿಟ್ಟಿನ ಉಂಡೆಗೆ ಚುಚ್ಚಿಟ್ಟೆ. ಬ್ಯಾಟರಿ ತಂತಿ ಬಿಡಿಸಿದೆ. ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದೆ. ಟಕ್! ಆ ಸದ್ದು ಕೇಳಬೇಕಿತ್ತು ನೀವು! ತಂತಿ ಮತ್ತೆ ಸಿಗಿಸಿ ಮುಚ್ಚತೊಡಗಿದೆ. ಮುಚ್ಚುತ್ತಾ ಬಂದರೆ ಕೊನೆಯಲ್ಲಿ ಒಂದು ಸ್ಕ್ರೂ ಇಲ್ಲ!

"ಯಾರೂ ಅಲ್ಲಾಡಬೇಡಿ!" ಅಂದೆ. ಇದ್ದದ್ದು ಸೊಸೆ ಒಬ್ಬಳೇ. ಆಫೀಸಿಗೆ ಹೊರಟು ನಿಂತಿದ್ದವಳನ್ನು ಮಂಚದ ಕೆಳಗೆ ನುಗ್ಗಿಸಿದೆ. ಸೋಫಾ ಉರುಳಿಸಿದೆವು. ಕಾಲೊರಸಿನಿಂದ ಹಿಡಿದು ಎಲ್ಲವನ್ನೂ ಕೊಡವಿದೆವು. ಕೊನೆಗೆ ಕೂದಲ ತುಂಬ ಜೇಡರ ಬಲೆ ಹೊತ್ತು ಎದ್ದ ಸೊಸೆ ನನ್ನನ್ನೇ ದಿಟ್ಟಿಸಿದಳು.

"ಅತ್ತೆ, ನಿಮ್ಮ ಕೊರಳಲ್ಲಿ ಏನದು?"

ಬಿದ್ದ ಸೂಜಿ ಹೆಕ್ಕಲು ದಾರ ಕಟ್ಟಿ ನಾನು ಕೊರಳಿಗೆ ಹಾಕಿಕೊಳ್ಳುವ ಅಯಸ್ಕಾಂತ. ಅದಕ್ಕೆ ಅಂಟಿಕೊಂಡು ಸ್ಕ್ರೂ ಪದಕದ ಹಾಗೆ ಹೊಳೆಯುತ್ತಿತ್ತು!

"ಕೆಲಸ ಮುಗಿದ ಮೇಲೆ ಹಾಕೋ ಪದಕ, ಮೊದಲೇ ಬಂದಿದೆ" ಅಂದೆ. ಅವಳು ನಗಲಿಲ್ಲ.

ಗುಂಡಿ ಒತ್ತಿದೆ. ಲ್ಯಾಪ್‌ಟಾಪ್ ಹೊತ್ತಿಕೊಂಡಿತು! ಬೆಂಕಿಯಲ್ಲ, ಬೆಳಕು! ನನ್ನ ಲೇಸಿನ ಅಂಚೂ ಒಂದು ಹಲ್ಲು ಕೂಡ ಉದುರದೆ ಹಾಗೇ ಮೂಡಿಬಂತು. ಹೊಸ ಮೆಮೊರಿ ಎಷ್ಟಿದೆ ಅಂತ ಸೊಸೆಯ ಬಾಯಿಂದಲೇ ಓದಿಸಿ ಕೇಳಿದೆ. ಎರಡು ಸಲ.

ಭಾನುವಾರ ನಾದಿನಿಯನ್ನು ಪಕ್ಕದಲ್ಲೇ ಕೂರಿಸಿಕೊಂಡೆ, ನನ್ನ ವಿಜಯ ಹತ್ತಿರದಿಂದ ನೋಡಲಿ ಅಂತ. ಇವತ್ತು ಕನ್ನಡಕ ಹಾಕಿಕೊಂಡೇ ಬಂದಿದ್ದಳು. ಹುಡುಗಿಯರ ಮುಖಗಳು ಬಂದವು. ಹಿಮ್ಮಡಿ ಬಂತು. "ಈಗ ಎಲ್ಲರೂ ಇಲ್ಲಿ ನೋಡಿ" ಅಂದೆ.

ನಿಂತಿತು.

ನಾದಿನಿ ಮೆಲ್ಲಗೆ ಕೈ ಚಾಚಿದಳು. "ಕಡ್ಡಿ ಕೊಡ್ತೀನಿ ಅಂದಿದ್ರಿ, ಅತ್ತಿಗೆ."

"ಒಂದು ನಿಮಿಷ ತಾಳು, ಬಾಯಾರಿದೆ. ನೀರು ತಗೊಂಡು ಬಾ" ಅಂತ ಅವಳನ್ನು ಅಡಿಗೆಮನೆಗೆ ಅಟ್ಟಿ, ಸೊಸೆಗೆ ಸನ್ನೆ ಮಾಡಿದೆ. ಅವಳು ಬಂದು ಬಗ್ಗಿ, ಪರದೆಯ ಮೇಲ್ತುದಿಯ ಮೇಲೆ ಬೆರಳಿಟ್ಟಳು.

"ಅತ್ತೆ, ಇದೇನು?"

"ಅದಾ? ಅಂಚು. ಅಲಂಕಾರಕ್ಕೆ."

"ಅಂಚಲ್ಲ ಅತ್ತೆ! ಇದು ಒಂದೊಂದೂ ನೀವು ತೆರೆದ ಪುಟ. ನೀವು ಯಾವತ್ತೂ ಇದನ್ನ ಮುಚ್ಚಿಲ್ವಾ?"

"ಮುಚ್ಚದೆ ಏನು! ದಿನಾ ಮುಚ್ಚಳ ಹಾಕಿ, ಮೇಲೆ ಬಟ್ಟೆ ಹೊದಿಸಿ ಇಡ್ತೀನಿ!"

ಅವಳು ತಲೆಗೆ ಕೈ ಹಚ್ಚಿದಳು. ಬೇಕಾದ್ದು ತೆರೆಯಲು ಪ್ಲಸ್ ಗುರುತು ಒತ್ತಿ ಅಂತ ಅವಳೇ ಕಲಿಸಿದ್ದಳು. ಆದಮೇಲೆ ತೆಗೆದಿಡುವುದನ್ನು ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮೊಟ್ಟಮೊದಲ ದಿನ ನೋಡಿದ ಮಫ್ಲರಿನ ಚಿತ್ರದಿಂದ ಹಿಡಿದು ಎಲ್ಲವೂ ಹಾಗೇ ಹರಡಿಕೊಂಡು ಬಿದ್ದಿದ್ದವು. ಕಟ್ಟೆ ಎಷ್ಟು ದೊಡ್ಡದು ಮಾಡಿದರೇನು, ಒಂದು ಪಾತ್ರೆಯನ್ನೂ ಎತ್ತಿಡದಿದ್ದರೆ!

ಸೊಸೆ ಪಟಪಟನೆ ಮುಚ್ಚುತ್ತಾ ಹೋದಳು. ಅಂಚು ಬಿಚ್ಚಿಕೊಳ್ಳುತ್ತಾ ಬಂತು. ಕೊನೆಯಲ್ಲಿ ಕ್ಲಾಸು ಒಂದೇ ಉಳಿಯಿತು. ಹುಡುಗಿಯರ ಮುಖಗಳು ಮಿಸುಕಾಡಿದವು. "ಟೀಚರ್, ಈಗ ಕಾಣಿಸ್ತಿದ್ದೀರಿ!"

ಆಮೇಲೆ ನಡೆದ ಪಾಠ ನೋಡಬೇಕಿತ್ತು ನೀವು! ಹಿಮ್ಮಡಿ ಬೆಣ್ಣೆಯ ಹಾಗೆ ತಿರುಗಿತು. ಲ್ಯಾಪ್‌ಟಾಪ್ ಒಂದು ಸಲವೂ ಮುಗ್ಗರಿಸಲಿಲ್ಲ. ಸೊಂಡಿಲು ಹೆಣೆದವಳ ಕಾಲ್ಚೀಲವೂ ಕಾಲಿನ ಆಕಾರಕ್ಕೆ ಬಂತು.

ನೀರು ತಂದ ನಾದಿನಿ ಕೊನೆಯವರೆಗೂ ಪಕ್ಕದಲ್ಲೇ ಕೂತು ನೋಡಿದಳು. ಎದ್ದು ಹೊರಡುವಾಗ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದಳು.

"ಅಲ್ಲ ಅತ್ತಿಗೆ, ಅವತ್ತು ಅಷ್ಟು ಹೊಗಳಿಕೊಂಡ್ರಲ್ಲ, ಆ ಲೇಸಿನ ಅಂಚು ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಸೊಸೆಯ ದನಿ ಬಂತು:

"ಅದನ್ನೆಲ್ಲ ನಾನೇ ತೊಳೆದು ಎತ್ತಿಟ್ಟೆ! ಒಂದು ಲೋಟ ಮಾತ್ರ ಕಟ್ಟೆ ಮೇಲಿದೆ. ಬಂದು ತೋರಿಸ್ತೀರಾ, ಅತ್ತೆ?"

ನಾನು ಎದ್ದು ಒಳಗೆ ಹೋದೆ. ತೋರಿಸಲಿಲ್ಲ. ತೊಳೆದಿಟ್ಟು ಬಂದೆ.