ಬೋಟಿನ ಎಂಜಿನ್ನೂ ನಮ್ಮನೆಯವಳೂ

"ಯಾರಾದ್ರೂ ಬಂದ್ರೆ ಕಂಬದ ಹಾಗೆ ನಿಲ್ಬೇಡಿ. ಏನಾದ್ರೂ ಮಾತಾಡಿ."

ಮಡಿಕೇರಿ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು.

ನಾನು ಹಾರಂಗಿ ಹಿನ್ನೀರಿನಲ್ಲಿ ಟೂರಿಸ್ಟ್ ಬೋಟಿನ ಮೆಕ್ಯಾನಿಕ್. ಓದಿದ್ದು ಕಮ್ಮಿ. ಮಾತು ಇನ್ನೂ ಕಮ್ಮಿ. ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ತಿಳಿಯೋಕೆ ಅದರಲ್ಲಿ ಒಂದು ಸೆನ್ಸರ್ ಇರುತ್ತದೆ. ಹೆಬ್ಬೆರಳಿನಷ್ಟು ಹಿತ್ತಾಳೆ ತುಂಡು. ಅದರಿಂದ ಒಂದು ವೈರು ಮೀಟರಿಗೆ ಹೋಗುತ್ತದೆ. ಇಷ್ಟೇ ಸಾಮಾನಿನಿಂದ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಅದನ್ನೆಲ್ಲ ಮನೆಗೆ ಬಂದವರಿಗೆ ಹೇಳಿ ನಗಿಸುತ್ತಿದ್ದವಳು ಅವಳು. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ.

ಅವಳು ಹೋದ ಮೇಲೂ ಜನ ಬಂದರು. ಕೂತರು. ನಾನೂ ಸುಮ್ಮನೆ, ಅವರೂ ಸುಮ್ಮನೆ. ಆಮೇಲೆ ಬರುವವರು ಕಮ್ಮಿಯಾದರು. ಹೀಗೇ ಆದರೆ ನಮ್ಮ ಹೊಸ್ತಿಲು ಯಾರೂ ತುಳಿಯೋದಿಲ್ಲ ಅಂತ ಹೆದರಿಕೆಯಾಯಿತು.

ಮೊನ್ನೆ ನಮ್ಮ ಬೋಟಿನ ಡ್ರೈವರ್ ಬಂದ. ಕೇರಳ ಗಡಿಯ ಮಾಕುಟ್ಟ ಕಡೆಯ ಮಲಯಾಳಿ, ನನ್ನನ್ನು ಚೇಟ್ಟಾ, ಅಂದರೆ ಅಣ್ಣ, ಅಂತ ಕರೆಯುತ್ತಾನೆ. ಸ್ವಲ್ಪ ಹೊತ್ತು ಕೂತ, ಫೋನ್ ನೋಡಿದ, "ಬರ್ತೀನಿ ಚೇಟ್ಟಾ" ಅಂತ ಎದ್ದ.

"ಕೂರು" ಅಂದೆ. ಅವಳು ಹೇಳುತ್ತಿದ್ದುದನ್ನೇ ಹೇಳಲು ಶುರು ಮಾಡಿದೆ. ಮೊದಲು ಅವನದೇ ಕತೆ.

ಎಂಜಿನ್ನಿನ ಹಸಿವು

ಬೆಳಿಗ್ಗೆ ಬೋಟು ಶುರು ಮಾಡಿದರೆ ಮೀಟರ್ ಮುಳ್ಳು ಸೀದಾ ಕೆಂಪಿಗೆ ಹೋಗುತ್ತಿತ್ತು. ಎಂಜಿನ್ ಮುಟ್ಟಿ ನೋಡಿದರೆ ಉಗುರು ಬೆಚ್ಚಗೆ. ಮಧ್ಯಾಹ್ನ ಊಟ ಆದ ಮೇಲೆ ಮುಳ್ಳು ತಾನಾಗಿ ಇಳಿಯುತ್ತಿತ್ತು. ಮಾರನೇ ದಿನ ಮತ್ತೆ ಹಾಗೇ. ಸೆನ್ಸರ್ ಬದಲಾಯಿಸಿದೆ. ಮೀಟರ್ ಬದಲಾಯಿಸಿದೆ. ಊಟಕ್ಕೆ ಮುಂಚೆ ಬಿಸಿ, ಊಟ ಆದ ಮೇಲೆ ತಣ್ಣಗೆ.

ಮನೆಯಲ್ಲಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಾ, "ಹಸಿವಾದ್ರೆ ನಿಮಗೂ ಹಿಂಗೇ ತಲೆ ಕಾಯ್ತದೆ. ಅದಕ್ಕೂ ಏನಾದ್ರೂ ತಿನ್ನಿಸಿ" ಅಂದಳು.

ನಗಬೇಕು ಅನ್ನಿಸಲಿಲ್ಲ. ಆದರೆ ಮಾರನೇ ದಿನ ಊಟದ ಹೊತ್ತಿಗೆ ಎಂಜಿನ್ ಪಕ್ಕದಲ್ಲೇ ಕೂತೆ. ಡ್ರೈವರ್ ಬಂದು ತನ್ನ ಊಟದ ಚೀಲ ಎತ್ತಿಕೊಂಡ. ಮುಳ್ಳು ಇಳಿಯಿತು. ಅನ್ನ ಬೆಚ್ಚಗಿರಲಿ ಅಂತ ದಿನಾ ಆ ಚೀಲವನ್ನು ಸೆನ್ಸರಿನ ವೈರಿಗೇ ನೇತು ಹಾಕುತ್ತಿದ್ದ. ಭಾರಕ್ಕೆ ವೈರು ಜಗ್ಗಿ, ಅದರ ಸುಲಿದ ಜಾಗ ಎಂಜಿನ್ ಮೈಗೆ ತಾಗುತ್ತಿತ್ತು. ಅಲ್ಲಿ ತಾಗಿದರೆ ಸಾಕು, ಮುಳ್ಳು ಕೆಂಪಿಗೆ.

ಕಾರಣ ಬಿಡಿಸಿ ಹೇಳಿದೆ. ಅವನು ಬಹಳ ಯೋಚನೆ ಮಾಡಿ ಕೇಳಿದ:

"ಹಾಗಾದ್ರೆ ನಾಳೆಯಿಂದ ಬೇಗ ಊಟ ಮಾಡ್ಲಾ ಚೇಟ್ಟಾ?"

ಹಣೆಗೆ ಬೊಟ್ಟು

ಒಂದು ಸಲ ಸೆನ್ಸರ್ ನಿಜವಾಗಿ ಸತ್ತಿತು. ಬೋಟಿನ ಮಾಲೀಕರು ಸೋಮವಾರಪೇಟೆ ಸಂತೆಗೆ ಹೋದವರು ಜೀಪಿನ ಸೆನ್ಸರ್ ತಂದರು. ತಿರುಪು ಸರಿಯಾಗಿ ಕೂತಿತು. ಲೆಕ್ಕ ಮಾತ್ರ ಕೂರಲಿಲ್ಲ. ಎಂಜಿನ್ ಚೆನ್ನಾಗಿ ಓಡುವಾಗಲೂ ಮುಳ್ಳು ಎತ್ತರದಲ್ಲೇ ನಿಲ್ಲುತ್ತಿತ್ತು. ಸರಿಯಾದದ್ದು ಮೈಸೂರಿಂದ ಬರಬೇಕು. ಅಲ್ಲಿಯವರೆಗೆ ಮುಳ್ಳು ನಿಲ್ಲುವ ಜಾಗಕ್ಕೆ ಒಂದು ಗುರುತು ಹಾಕಿ, ಇದು ದಾಟಿದರೆ ಎಂಜಿನ್ ನಿಲ್ಲಿಸು ಅಂತ ಡ್ರೈವರಿಗೆ ಹೇಳೋಣ ಅಂದುಕೊಂಡೆ.

ಮನೆಗೆ ಬಂದು, "ಒಂದು ಸ್ಟಿಕ್ಕರ್ ಬೊಟ್ಟು ಕೊಡು" ಅಂದೆ.

"ಯಾರಿಗೆ?"

"ಎಂಜಿನ್ನಿಗೆ."

ಅವಳು ಕನ್ನಡಿಯ ಹತ್ತಿರ ಹೋಗಿ ನಿಂತು, "ಬಣ್ಣ ಹೇಗೆ? ಬೆಳ್ಳಗಿದಾಳಾ, ಕಪ್ಪಗಿದಾಳಾ?" ಅಂದಳು.

ಮೀಟರ್ ಗಾಜಿಗೆ ಮೆರೂನ್ ಬೊಟ್ಟು ಅಂಟಿಸಿದೆ. ಬೋಟು ಹತ್ತಿದ ಒಬ್ಬ ಅಮ್ಮ ಅದನ್ನು ನೋಡಿ ಕೈ ಮುಗಿದರು. ಹಿಂದೆ ಬಂದವರೂ ಮುಗಿದರು. ಸಂಜೆ ನೋಡಿದರೆ ಮೀಟರಿಗೆ ದಾಸವಾಳ ಏರಿಸಿದ್ದಾರೆ, ಮುಳ್ಳೇ ಕಾಣುತ್ತಿಲ್ಲ.

ಕಾಫಿ

ಮೈಸೂರಿನ ಸೆನ್ಸರ್ ಬಂತು. ಮೊದಲಿನದು ಮೋಸ ಮಾಡಿತ್ತು, ಇದನ್ನು ಪರೀಕ್ಷೆ ಮಾಡಿಯೇ ಹಾಕೋಣ ಅಂದುಕೊಂಡೆ. ಅದು ಕಷ್ಟದ ಕೆಲಸವಲ್ಲ. ಸೆನ್ಸರನ್ನು ಬಿಸಿ ನೀರಿಗೆ ಹಾಕಿ, ವೈರು ಪರೀಕ್ಷೆ ಮಾಡುವ ಕೈ ಮೀಟರ್ ತಾಗಿಸಬೇಕು; ಬಿಸಿಯಾದಷ್ಟೂ ಅಂಕಿ ಇಳಿದರೆ ಸೆನ್ಸರ್ ಸರಿ ಇದೆ ಅಂತ. ಅಡಿಗೆಮನೆಯಲ್ಲಿ ಪಾತ್ರೆಗೆ ನೀರು ಹಾಕಿ ಒಲೆ ಮೇಲಿಟ್ಟೆ. ಸೆನ್ಸರ್ ಹಾಕಿದೆ. ಕೈ ಮೀಟರ್ ಬೈಕಿನ ಪೆಟ್ಟಿಗೆಯಲ್ಲಿತ್ತು, ತರಲು ಹೋದೆ.

ಅಷ್ಟರಲ್ಲಿ ಕರೆಂಟ್ ಹೋಗಿ ಅಡಿಗೆಮನೆ ಕತ್ತಲಾಯಿತು. ಅಂಗಳಕ್ಕೆ ಮಾಲೀಕರೂ ಬಂದರು. ನಾಳೆ ಬೋಟು ಬಿಡಬಹುದಾ ಅಂತ ಕೇಳಲು ಬಂದವರು ಕಾಫಿ ರೇಟಿಂದ ಹಿಡಿದು ಆನೆ ಕಾಟದವರೆಗೆ ಮಾತು ತೆಗೆದರು. ನಾನು ಹೂಂ ಅನ್ನುತ್ತಾ ನಿಂತೆ. ಒಳಗಿಂದ ಅವಳು ಎರಡು ಲೋಟ ಬೆಲ್ಲದ ಕಾಫಿ ತಂದಳು. ಕುಡಿದೆವು.

ಮೀಟರ್ ಹಿಡಿದು ಒಳಗೆ ಹೋದರೆ ಒಲೆ ಮೇಲೆ ಪಾತ್ರೆ ಇಲ್ಲ.

"ಇಲ್ಲಿದ್ದ ನೀರೆಲ್ಲಿ?"

"ಈಗ ಕುಡಿದ್ರಲ್ಲ!"

ಟಾರ್ಚ್ ಬಿಟ್ಟು ನೋಡಿದೆ. ಪಾತ್ರೆ ತಳದ ಕಾಫಿ ಗಸಿಯಲ್ಲಿ ಸೆನ್ಸರ್ ಮಲಗಿತ್ತು. ಮಾಲೀಕರು ಬಾಗಿಲಿಂದ ಇಣುಕಿ, "ಗ್ರೀಸ್ ವಾಸನೆ ಬಂತು ಮಾರಾಯ. ನಿನ್ನ ಕೈದು ಅಂದ್ಕಂಡು ಸುಮ್ನಾದೆ" ಅಂದರು. ಆಮೇಲೆ, "ಇರ್ಲಿ, ಸೆನ್ಸರ್ ಕೆಲಸ ಮಾಡ್ತದಾ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು. ನಗು ನಿಂತ ಮೇಲೆ ಹೇಳಿದಳು: "ಮದುವೆ ಆದಾಗಿಂದ ಇವತ್ತು ಒಂದಿನ ಇವರಾಗಿ ಕಾಫಿಗೆ ನೀರಿಟ್ಟಿದಾರೆ ಅಂದ್ಕಂಡೆ. ಆ ಖುಷೀಲಿ ಪಾತ್ರೆ ಒಳಗೆ ನೋಡ್ಲೇ ಇಲ್ಲ."

ಕತೆ ಕೇಳುತ್ತಾ ಕೂತಿದ್ದ ಡ್ರೈವರ್ ಬಿದ್ದು ಬಿದ್ದು ನಕ್ಕ. ಕಣ್ಣು ಒರೆಸಿಕೊಂಡು ಚಪ್ಪಲಿ ಹುಡುಕಿದ. ಅವಳು ಹೇಳುವಾಗ ಕತೆ ಇಲ್ಲಿಗೇ ಮುಗಿಯುತ್ತಿತ್ತು.

"ಕೂರು. ಇನ್ನೂ ಇದೆ" ಅಂದೆ.

ಮಾರನೇ ದಿನದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾಕೋ ಗೊತ್ತಿಲ್ಲ. ಅದನ್ನು ನಾನೇ ಹೇಳಬೇಕು.

ಮಾರನೇ ದಿನ ಬೆಳಿಗ್ಗೆ ನಾನು ಅವಳಿಗಿಂತ ಮುಂಚೆ ಎದ್ದೆ. ಒಲೆ ಹಚ್ಚಿ ನೀರಿಟ್ಟೆ. ಬೆಲ್ಲ ಎಷ್ಟು ಹಾಕಬೇಕೋ ಗೊತ್ತಿರಲಿಲ್ಲ, ಕೈಗೆ ಬಂದಷ್ಟು ಹಾಕಿದೆ. ಪುಡಿ ಹಾಕಿದೆ. ಅವಳು ಎದ್ದು ಬಂದಳು. ಒಲೆ ನೋಡಿದಳು, ನನ್ನ ನೋಡಿದಳು. ಸೌಟು ತೆಗೆದುಕೊಂಡು ಪಾತ್ರೆಯ ತಳವನ್ನೆಲ್ಲ ಕೆದಕಿದಳು. ಏನೂ ಸಿಗಲಿಲ್ಲ.

ಆಮೇಲೆ ಕುಡಿದಳು. ಚೆನ್ನಾಗಿದೆ ಅನ್ನಲಿಲ್ಲ. ಇನ್ನೊಂದು ಲೋಟ ಬಗ್ಗಿಸಿಕೊಂಡಳು.